ಅಕ್ಕನ ಕಾಲಿಗೆ ಕಟ್ಟಿದ ಪೇಟ

ಮನುಷ್ಯನ ಕಾಲಿನ ವಿಷಯದಲ್ಲಿ ನಮ್ಮ ಜಿಲ್ಲೆಯಲ್ಲಿ ಅಜ್ಞಾನಿಗಳೇ ಇಲ್ಲ. ಈ ಸಂಗತಿ ನನಗೆ ತಿಳಿದದ್ದು ಅಕ್ಕನ ಕಾಲಿಗೆ ಹುಣ್ಣಾದಾಗ. ತುಮಕೂರಿನಲ್ಲಿ ನಮ್ಮ ಬೀದಿಯ ಇಸ್ತ್ರಿಯವನಿಂದ ಹಿಡಿದು, ಗುಬ್ಬಿಯಲ್ಲಿ ಅಕ್ಕನ ಹೋಟೆಲಿಗೆ ಬಂದು ಖಾಲಿ ದೋಸೆ ತಿನ್ನುವ ಕೊಬ್ಬರಿ ದಲ್ಲಾಳಿಯವರೆಗೆ, ರಕ್ತ ಎಲ್ಲಿಂದ ಹೊರಟು ಎಲ್ಲಿಗೆ ಹೋಗಿ ಎಲ್ಲಿ ನಿಂತುಬಿಡುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವಳು ಒಬ್ಬಳೇ, ಕಾಲಿನ ಯಜಮಾನಿ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಗುಬ್ಬಿಯ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವಳ ದೋಸೆ ಹೋಟೆಲು. ಆರು ಟೇಬಲ್ಲು, ಒಂದು ಕಾವಲಿ. ಭಾವ ಶುರು ಮಾಡಿದ್ದು. ಭಾವ ಹೋದ ಮೇಲೆ ಕಾವಲಿಯ ಮುಂದೆ ಅವಳೇ ನಿಂತಳು. ನಿಂತಳು ಎಂದರೆ ನಿಂತೇ ಬಿಟ್ಟಳು. ಬೆಳಗ್ಗೆ ಐದೂವರೆಗೆ ವಿಭೂತಿ ಬಳಿದುಕೊಂಡು ಬಂದು ನಿಂತರೆ ಹನ್ನೊಂದರ ತನಕ ಅಲ್ಲಿಂದ ಅಲುಗುತ್ತಿರಲಿಲ್ಲ, ಸಂಜೆ ಮತ್ತೆ ಅಷ್ಟೇ. ಎಡಗಾಲಿನ ನರಗಳು ಉಬ್ಬಿ, ಗಂಟುಗಂಟಾಗಿ, ಬೇಸಿಗೆಯಲ್ಲಿ ಎದ್ದು ಕಾಣುವ ಮರದ ಬೇರಿನಂತೆ ಆಗಿ ಎಷ್ಟೋ ವರ್ಷವಾಗಿತ್ತು. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಬೆಂಚಿನ ಅಂಚು ತಗುಲಿ ಕಣಕಾಲಿನ ಒಳಮಗ್ಗುಲಲ್ಲಿ ಒಂದು ತರಚು ಗಾಯವಾಯಿತು. ಅದು ಒಣಗಲಿಲ್ಲ. ಅಡಕೆ ಹೋಳಿನಷ್ಟಿದ್ದದ್ದು ಸಂಕ್ರಾಂತಿಯ ಮುಂಚೆಯೇ ವೀಳ್ಯದೆಲೆಯಷ್ಟಾಯಿತು.

ಅವಳ ಮಗನಿಗೆ ಇದರಿಂದ ದುಃಖವಾಯಿತು, ಜೊತೆಗೆ ಒಂದು ಯೋಜನೆಯೂ ಹೊಳೆಯಿತು. ಕಾವಲಿ ಕಿತ್ತು, ಗಾಜು ಹಾಕಿಸಿ, ಬೆನ್ನಿರುವ ಕುರ್ಚಿ ತರಿಸಿ, ಗೋಬಿ ಮಂಚೂರಿ ಮತ್ತು ಫ್ರೈಡ್ ರೈಸಿನ ಮೂಲಕ ಗುಬ್ಬಿಯನ್ನು ಉದ್ಧಾರ ಮಾಡುವುದು. ಬೋರ್ಡಿನ ಡಿಸೈನು ಆಗಲೇ ಅವನ ಫೋನಿನಲ್ಲಿ ತಯಾರಾಗಿತ್ತು. ಅದರಲ್ಲಿ ಬೆಂಕಿಯ ನಾಲಿಗೆಗಳಿದ್ದವು. ತಾಯಿಯ ಮೇಲಿನ ಗೌರವದಿಂದ ಯುಗಾದಿಯ ತನಕ ಕಾಯುತ್ತೇನೆ ಎಂದ. ಯುಗಾದಿಗೆ ಅಮ್ಮ ಕಾವಲಿ ಮುಂದೆ ನಿಂತರೆ ಸರಿ, ಇಲ್ಲದಿದ್ದರೆ ಕೆಲಸ ಶುರು.

ಅಕ್ಕ ಇದನ್ನು ನನಗೆ ಹೇಳುವಾಗ ಅಳಲಿಲ್ಲ. ಚಟ್ನಿಗೆ ಒಗ್ಗರಣೆ ಹಾಕುತ್ತ ಹೇಳಿದಳು: "ನಂಗೆ ಈ ಕಾಲು ಬೇಕು ಕಣೋ. ಓಡಾಡಕ್ಕಲ್ಲ. ನಿಂತ್ಕೊಳಕ್ಕೆ."

ನಾನು ಮೂವತ್ತೈದು ವರ್ಷ ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆಸಿ ನಿವೃತ್ತನಾದವನು. ಬೇರೆಯವರ ಜಮೀನಿನ ಎಲ್ಲೆ ಎಲ್ಲಿದೆ ಎಂದು ಅವರಿಗೇ ಹೇಳುವ ಕಸುಬು ಮಾಡಿದವನಿಗೆ ಬೇರೆಯವರ ಮಾತು ಕಿವಿಗೆ ಬೀಳುವುದು ಕಷ್ಟ. ಆದರೂ ಸಲಹೆಗಾರರನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡೆ. ಅರಿಶಿನ ಒಬ್ಬರು, ಬೇವು ಒಬ್ಬರು, ಹಲ್ಲುಜ್ಜುವ ಪೇಸ್ಟು ಒಬ್ಬರು. ಕಾಫಿ ಪುಡಿ ತುಂಬಿದರೆ ಮೂರೇ ದಿನ ಎಂದವರು ಗೂಳೂರಿನ ಒಬ್ಬ ನಿವೃತ್ತ ಗುಮಾಸ್ತರು. ಅವರು ದಿನಕ್ಕೆ ಐದು ಕಾಫಿ ಕುಡಿಯುತ್ತಾರೆ, ಅದೇ ಪುರಾವೆ. ಹಾಗಲವಾಡಿಯಿಂದ ಎಳನೀರು ಲೋಡು ತರುವವನು ಒಂದು ಸೊಪ್ಪು ತಂದುಕೊಟ್ಟ. ಯಾವ ಸೊಪ್ಪಪ್ಪ ಎಂದರೆ, ಹೆಸರು ಹೇಳಿದರೆ ಅದರ ಗುಣ ಹೋಗುತ್ತದೆ ಎಂದ. ಅಷ್ಟು ಸಂಕೋಚದ ಗಿಡ. ಅಕ್ಕನ ಹುಣ್ಣು ಇದೆಲ್ಲವನ್ನೂ ಸಮಾನ ಭಾವದಿಂದ ಸ್ವೀಕರಿಸಿ ಇನ್ನಷ್ಟು ಅಗಲವಾಯಿತು.

ಆಗ ಯಾರೋ ತುಮಕೂರಿನ ಕೇಂದ್ರದ ಸುದ್ದಿ ತಂದರು. ಕಾಲಿಗೆ ಗಾಳಿಯ ಬೂಟು ಹಾಕಿ ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತಾರಂತೆ, ಪುಕ್ಕಟೆ. ಪುಕ್ಕಟೆ ಎಂಬ ಶಬ್ದಕ್ಕೆ ನಮ್ಮ ಕಡೆ ಮಂತ್ರದ ಶಕ್ತಿ ಇದೆ. ನಡೆಯಲಾರದವರೂ ಎದ್ದು ಹೊರಡುತ್ತಾರೆ. ಹೊರಡಲೇಬೇಕಿತ್ತು ಕೂಡ. ಕಾಲು ನೋವಿನವರಿಗೆಂದೇ ಸ್ಥಾಪಿಸಿದ ಆ ಪುಣ್ಯಕ್ಷೇತ್ರವಿದ್ದದ್ದು ಚಪ್ಪಲಿ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿ, ಲಿಫ್ಟಿಲ್ಲದ ಕಟ್ಟಡದಲ್ಲಿ. ದೇವರಾಯನದುರ್ಗದ ಬೆಟ್ಟ ಹತ್ತುವ ಭಕ್ತರಂತೆ ಜನ ಮೆಟ್ಟಿಲಿಗೊಮ್ಮೆ ಶಿವಾ ಎನ್ನುತ್ತ ಹತ್ತುತ್ತಿದ್ದರು.

ಒಳಗೆ ಟೈ ಕಟ್ಟಿದ ಒಬ್ಬ ಯುವಕ. ಹೆಂಗಸರೆಲ್ಲ ಅವನಿಗೆ ಅಮ್ಮ, ಗಂಡಸರೆಲ್ಲ ಅಪ್ಪಾಜಿ. ಮೊದಲು ಎಲ್ಲರೂ ಎದ್ದು ನಿಂತು ಮೂರು ಸಲ ಚಪ್ಪಾಳೆ ತಟ್ಟಿ ನಾನು ಆರೋಗ್ಯವಂತ ಎಂದು ಹೇಳಬೇಕು. ನಿಜವಾಗಿ ಆರೋಗ್ಯವಂತರಾಗಿದ್ದರೆ ಆ ಮೆಟ್ಟಿಲು ಹತ್ತುವ ಕರ್ಮ ಯಾರಿಗೆ ಬೇಕಿತ್ತು ಎಂದು ಕೇಳುವ ಪದ್ಧತಿ ಅಲ್ಲಿರಲಿಲ್ಲ. ಆಮೇಲೆ ಸಾಕ್ಷಿಗಳು. ಒಬ್ಬರು ಈ ಬೂಟಿನಿಂದ ತಮ್ಮ ಶುಗರ್ ಇಳಿಯಿತೆಂದರು. ಇನ್ನೊಬ್ಬರಿಗೆ ತಲೆಯಲ್ಲಿ ಕೂದಲು ಬಂದಿತ್ತು. ಕಾಲಿಗೆ ಹಾಕಿದ್ದು ತಲೆಗೆ ಹೇಗೆ ತಲುಪಿತೆಂದರೆ, ಸರ್ಕ್ಯುಲೇಷನ್. ಆ ಕೋಣೆಯಲ್ಲಿ ಆ ಶಬ್ದವನ್ನು ಹೇಳಿದಷ್ಟು ಸಲ ನಮ್ಮ ಮಠಗಳಲ್ಲಿ ಪಂಚಾಕ್ಷರಿಯನ್ನು ಹೇಳಿರಲಾರರು.

ಜೊತೆಗೆ ಬಂದವರೂ ಕೂರಬಹುದು ಎಂದ ಟೈ. ಒಲ್ಲೆ ಎನ್ನುವಷ್ಟರಲ್ಲಿ ನನ್ನ ಎರಡೂ ಕಾಲು ಕಪ್ಪು ಚೀಲದೊಳಗೆ ಹೋಗಿದ್ದವು. ಯಂತ್ರ ಗುರ್ ಎಂದು ಗಾಳಿ ತುಂಬಿತು. ಪಾದ ಹಿಂಡಿ, ಮೀನಖಂಡ ಹಿಂಡಿ, ತೊಡೆ ಹಿಂಡಿ, ಬಿಟ್ಟಿತು. ಮತ್ತೆ ಹಿಂಡಿತು. ಹಿತವಾಗಿತ್ತು ಎಂದು ಒಪ್ಪಿಕೊಳ್ಳಲು ನನಗೆ ಇವತ್ತಿಗೂ ಸಂಕಟವಾಗುತ್ತದೆ. ನಾನು ನಿದ್ದೆ ಹೋದೆ, ಗೊರಕೆಯನ್ನೂ ಹೊಡೆದೆನಂತೆ. ಎಚ್ಚರವಾದಾಗ ಟೈ ನನ್ನ ಪಕ್ಕ ನಿಂತು, ನೋಡಿ, ಅಪ್ಪಾಜಿಯವರಿಗೆ ಸರ್ಕ್ಯುಲೇಷನ್ ಬಂತು ಎಂದು ಜನರಿಗೆ ತೋರಿಸುತ್ತಿದ್ದ. ಅವರು ಚಪ್ಪಾಳೆ ತಟ್ಟಿದರು.

ಅಕ್ಕನ ಹುಣ್ಣಿನ ಮೇಲೆ ಒಂದು ಪ್ಲಾಸ್ಟಿಕ್ ಕವರು ಸುತ್ತಿ, ಅದರ ಮೇಲೆ ಬೂಟು ಹಾಕುತ್ತಿದ್ದರು. ಎರಡು ವಾರ ಹೋದೆವು. ಒಂದು ದಿನ ಮೆಟ್ಟಿಲಿಳಿಯುವಾಗ ಅಕ್ಕ ಅರ್ಧದಲ್ಲಿ ನಿಂತು, ಆ ಹುಡುಗ ಒಂದು ಸಲವೂ ನನ್ನ ಹುಣ್ಣನ್ನು ನೋಡಲಿಲ್ಲ, ಬರೀ ಮುಖ ನೋಡುತ್ತಾನೆ ಎಂದಳು. ನಾಳೆಯಿಂದ ಬರುವುದಿಲ್ಲ ಎಂದೂ ಹೇಳಿದಳು. ಇಡೀ ಆ ಕಟ್ಟಡದಲ್ಲಿ ಆಡಿದ ಮೊದಲನೆಯ ಸರಿಯಾದ ಮಾತು ಅದು.

ಯಂತ್ರದ ತಪ್ಪೇನಿಲ್ಲ ಎಂದು ಆಮೇಲೆ ತಿಳಿಯಿತು. ಆಸ್ಪತ್ರೆಗಳಲ್ಲಿಯೂ ಅಂಥದ್ದು ಇರುತ್ತದೆ, ಬೇಕಾದವರಿಗೆ ನೋಡಿ ಹಾಕುತ್ತಾರೆ. ನೋಡಿ ಎಂಬುದೇ ಮುಖ್ಯ.

ತುಮಕೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೋದದ್ದು ಅಕ್ಕನ ಮೈದುನನ ಕಾರಿನಲ್ಲಿ. ಈ ಮೈದುನನ ಬಗ್ಗೆ ಇಲ್ಲಿ ಒಂದಿಷ್ಟು ಹೇಳಬೇಕು. ಕುಣಿಗಲ್ಲಿನಲ್ಲಿ ಅವನದು ಬಟ್ಟೆ ಅಂಗಡಿ, ಆದರೆ ಖ್ಯಾತಿ ಪೇಟದಿಂದ. ಕುಣಿಗಲ್ಲಿನಿಂದ ಹುಲಿಯೂರುದುರ್ಗದ ತನಕ ಅವನ ಕೈಯ ಪೇಟವಿಲ್ಲದೆ ಮದುಮಗ ಮಂಟಪ ಹತ್ತುವುದಿಲ್ಲ, ಮುಖ್ಯ ಅತಿಥಿ ಮೈಕು ಹಿಡಿಯುವುದಿಲ್ಲ. ನಮ್ಮಲ್ಲಿ ಯಾರು ಯಾರಿಗೆ ಏಕೆ ಸನ್ಮಾನ ಮಾಡುತ್ತಾರೆಂಬುದು ಬಗೆಹರಿಯದ ವಿಷಯವಾದರೂ ವಾರಕ್ಕೆರಡು ಸನ್ಮಾನ ನಡೆಯುತ್ತಲೇ ಇರುತ್ತವೆ. ಅವಕ್ಕೆಲ್ಲ ಪೇಟ ಇವನದೇ. ಅವನ ಪದ್ಧತಿ ಏನೆಂದರೆ, ನೆಲದ ಮೇಲೆ ಕೂತು ತನ್ನ ಬಲಗಾಲು ಮಡಿಸಿ, ಮಂಡಿಯನ್ನೇ ತಲೆ ಎಂದು ಭಾವಿಸಿ ಅದರ ಮೇಲೆ ಸುತ್ತುವುದು. ಆಮೇಲೆ ಹಾಗೇ ಎತ್ತಿ ಸನ್ಮಾನಿತರಿಗೆ ತೊಡಿಸುವುದು. ಮಂಡಿಗೂ ಆ ತಲೆಗಳಿಗೂ ಒಳಗಿನ ಸರಕಿನಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲದ್ದರಿಂದ ಪೇಟ ಸರಿಯಾಗಿ ಕೂರುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಹುಣ್ಣು ನೋಡಿ, ನಾಲ್ಕು ಪ್ರಶ್ನೆ ಕೇಳಿ, ನರ್ಸಿಗೆ ಒಪ್ಪಿಸಿದರು. ನರ್ಸು ಎಂದರೆ ನನ್ನ ಮೊಮ್ಮಗಳ ವಾರಿಗೆಯ ಹುಡುಗಿ. ಪೆನ್ನಿನಂಥದ್ದೊಂದನ್ನು ಅಕ್ಕನ ಪಾದದ ಮೇಲೆ ಒತ್ತಿ ನಾಡಿಯ ಸದ್ದು ಕೇಳಿದಳು. ತೋಳಿನ ಬಿ.ಪಿ. ನೋಡಿದಳು, ಕಾಲಿನ ಬಿ.ಪಿ.ಯನ್ನೂ ನೋಡಿದಳು. ಕೆಳಗೆ ಹೋಗುವ ರಕ್ತ ಚೆನ್ನಾಗಿದೆ, ಹಾಗಾಗಿ ಬಿಗಿಯಾಗಿ ಕಟ್ಟಬಹುದು ಎಂದಳು. ತೊಂದರೆ ಮೇಲೆ ಬರುವ ರಕ್ತದ್ದು. ನರದೊಳಗಿನ ಬಾಗಿಲುಗಳು ಸವೆದು ಅದು ಕಾಲಲ್ಲೇ ನಿಂತು, ನೀರು ಕಟ್ಟಿಕೊಂಡು, ಗಾಯ ಒಣಗುತ್ತಿಲ್ಲ. ಇದಕ್ಕೆ ಮುಲಾಮು ಮುಖ್ಯವಲ್ಲ, ಒತ್ತಡ ಮುಖ್ಯ. ಕಾಲ್ಬೆರಳಿನ ಬುಡದಿಂದ ಶುರು ಮಾಡಿ, ಹಿಮ್ಮಡಿಯನ್ನೂ ಮುಚ್ಚಿ, ಕಣಕಾಲಿನಲ್ಲಿ ಹೆಚ್ಚು ಬಿಗಿ, ಮೇಲೆ ಹೋದಂತೆ ಕಡಮೆ, ಮಂಡಿಯ ಕೆಳಗೆ ನಿಲ್ಲಿಸಬೇಕು. ಜಾರಿದರೆ ಬಿಚ್ಚಿ, ಕಾಲು ಎತ್ತರಕ್ಕಿಟ್ಟು ಮಲಗಿ, ಇಲ್ಲಿಗೆ ಬರಬೇಕು. ಇಷ್ಟನ್ನೂ ಅವಳು ಸ್ಪಷ್ಟವಾಗಿಯೇ ಹೇಳಿದಳು. ಈಗ ನಾನು ಇದನ್ನು ಒಪ್ಪಿಸುತ್ತಿರುವುದು ಎರಡನೇ ಸಲ ಕೇಳಿದ್ದರಿಂದ. ಮೊದಲನೇ ಸಲ ನಾನು ಗೋಡೆಯ ಮೇಲೆ ಹಲ್ಲಿ ಹುಳ ಹಿಡಿಯುವುದನ್ನು ನೋಡುತ್ತಿದ್ದೆ. ಮೈದುನ ನೋಡಿದ್ದು ಪಟ್ಟಿ ಸುತ್ತುವ ಅವಳ ಕೈಯನ್ನು. ಹೊರಗೆ ಬಂದವನೇ, ಮಡಿಕೆ ಒಂದೂ ಸಮನಾಗಿ ಬಂದಿಲ್ಲ ಎಂದ.

ನಾಲ್ಕನೇ ದಿನಕ್ಕೆ ಪಟ್ಟಿ ಜಾರಿತು. ಭಾನುವಾರ, ಮದುವೆ ಸೀಸನ್ನು, ಹೋಟೆಲು ತುಂಬಿತ್ತೆಂದು ಅಕ್ಕ, ನರ್ಸು ಬೇಡ ಎಂದದ್ದನ್ನೇ ಮಾಡಿ, ಮೂರು ಗಂಟೆ ಕಾವಲಿ ಮುಂದೆ ನಿಂತಿದ್ದಳು. ತುಮಕೂರಿಗೆ ಹೋಗುವ ಬದಲು ಮನೆಯವರು ಕುಣಿಗಲ್ಲಿಗೆ ಫೋನು ಮಾಡಿದರು. ಮೈದುನ ಬಂದ. ಕೈ ತೊಳೆದುಕೊಂಡ. "ನಲವತ್ತು ವರ್ಷದಿಂದ ಮಂಡಿ ಮೇಲೇ ಸುತ್ತವ್ನಿ," ಎಂದ. "ಕಾಲು ನಂಗೆ ಹೊಸದಾ?"

ಮತ್ತು ಸುತ್ತಿದ. ಪೇಟದ ಗುಟ್ಟೆಲ್ಲ ಮೊದಲ ಸುತ್ತಿನಲ್ಲಿದೆಯಂತೆ. ಅದು ಬಿಗಿಯಾಗಿ ಕೂತರೆ ಉಳಿದದ್ದು ಅದರ ಮೇಲೆ ಕೂರುತ್ತದೆ. ಆ ಮೊದಲ ಸುತ್ತನ್ನು ಮಂಡಿಯ ಕೆಳಗೆ ಹಣೆಪಟ್ಟಿಯಂತೆ ಬಿಗಿದ. ಅಲ್ಲಿಂದ ಕೆಳಕ್ಕೆ ಮಡಿಕೆಯ ಮೇಲೆ ಮಡಿಕೆ, ಮೀನಿನ ಮುಳ್ಳಿನ ಹಾಗೆ ಎಡಕ್ಕೊಂದು ಬಲಕ್ಕೊಂದು, ಇಳಿಯುತ್ತ ಸಡಿಲವಾಗುತ್ತ ಬಂದ. ಹಿಮ್ಮಡಿ ಎಂಬ ಭಾಗ ಪೇಟದಲ್ಲಿ ಇಲ್ಲದ್ದರಿಂದ ಅದನ್ನು ಬಿಟ್ಟ. ಕೊನೆಗೆ ಕಣಕಾಲಿನ ಬಳಿ ತುದಿಯನ್ನು ಬೀಸಣಿಗೆಯಂತೆ ಅರಳಿಸಿ ಸಿಕ್ಕಿಸಿದ. ದೋಸೆ ತಿನ್ನುತ್ತಿದ್ದವರು ಎದ್ದು ಬಂದು ನೋಡಿದರು. ಫೋಟೋ ತೆಗೆದರು. ಅಷ್ಟು ಮರ್ಯಾದೆಯ ಕಾಲು ಗುಬ್ಬಿಯಲ್ಲಿ ಹಿಂದೆಂದೂ ಇರಲಿಲ್ಲ. ಬರೀ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ಕಡಮೆ.

ನಾನು ಏನು ಮಾಡಿದೆ ಎಂಬುದನ್ನೂ ಬರೆಯಬೇಕು. ನಾನೂ ಫೋಟೋ ತೆಗೆದೆ. ಗೆರೆಗಳು ಒಂದಕ್ಕೊಂದು ಸಮಾನಾಂತರವಾಗಿದ್ದವು. ಅಂಥದ್ದನ್ನು ಕಂಡರೆ ಸರ್ವೆಯವನ ಮನಸ್ಸು ಕರಗುತ್ತದೆ. ಆಸ್ಪತ್ರೆಯ ಹುಡುಗಿ ಕಟ್ಟಿದ್ದು ಮೂಟೆ, ಕೆಲಸ ಎಂದರೆ ಇದು ಎಂದು ಎಲ್ಲರ ಮುಂದೆ ಹೇಳಿ, ಒಂದು ಮಸಾಲೆ ದೋಸೆ ತಿಂದು ತುಮಕೂರಿಗೆ ಬಂದೆ.

ಮಾರನೇ ದಿನ ಮಧ್ಯಾಹ್ನ ಅಕ್ಕನ ಸೊಸೆ ಫೋನು ಮಾಡಿದಳು. ಮಾತು ಕಡಮೆ ಆ ಹುಡುಗಿಗೆ; ಫೋನು ಮಾಡಿದ್ದೇ ಅದು ಮೊದಲು. ಅತ್ತೆಯ ಪಾದ ಊದಿಕೊಂಡಿದೆ, ಬೆರಳು ನೀಲಿಯಾಗಿದೆ, ಬಿಚ್ಚುತ್ತೇನೆ ಎಂದರೆ ಕುಣಿಗಲ್ ಮಾವನಿಗೆ ಬೇಜಾರಾಗುತ್ತೆ ಎಂದು ಬಿಡುತ್ತಿಲ್ಲ ಎಂದಳು. ಬೇಜಾರಿಗೆ ಕಾರಣವಿತ್ತು. ಮೈದುನ ತಾನು ಕಟ್ಟಿದ ಪೇಟವನ್ನು ಕಾರ್ಯ ಮುಗಿಯುವ ತನಕ ಯಾರಿಗೂ ಮುಟ್ಟಗೊಡುವವನಲ್ಲ. ಮದುಮಗ ತಲೆ ತುರಿಸಿಕೊಂಡರೂ ಬೈಯುತ್ತಾನೆ. ಅಕ್ಕನಿಗೆ ಗಂಡನ ತಮ್ಮನ ಮಾತು ಮೀರುವ ಅಭ್ಯಾಸವಿಲ್ಲ. ನಾನೂ ಧೈರ್ಯವಂತನಂತೆ, ತಡಿಯಮ್ಮ, ಅವನನ್ನೇ ಒಂದು ಮಾತು ಕೇಳುತ್ತೇನೆ ಎಂದು ಕುಣಿಗಲ್ಲಿಗೆ ಫೋನು ಹಚ್ಚಿದೆ. ಬಿಗಿ ಇದ್ದರೆ ತಾನೇ ಪೇಟ ಎಂದ ಅವನು. ಅದಕ್ಕೂ ತಲೆದೂಗಿ ನಾನು ಮತ್ತೆ ಗುಬ್ಬಿಗೆ ಫೋನು ಮಾಡುವಷ್ಟರಲ್ಲಿ ಸೊಸೆ ಯಾರ ತೀರ್ಪಿಗೂ ಕಾಯದೆ ಕತ್ತರಿ ತಂದು ಮಂಡಿಯಿಂದ ಬೀಸಣಿಗೆಯ ತನಕ ಒಂದೇ ಸಮನೆ ಕತ್ತರಿಸಿ, ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ತುಮಕೂರಿನ ದಾರಿ ಹಿಡಿದಾಗಿತ್ತು.

ಆಸ್ಪತ್ರೆಯ ಬಾಗಿಲಲ್ಲಿ ನಾನು ಅವರನ್ನು ಕೂಡಿಕೊಂಡೆ. ನರ್ಸು ಕಾಲು ನೋಡಿದಳು. ಮಂಡಿಯ ಕೆಳಗೆ ಬಳೆಯಂತೆ ಕೊರೆದ ಗುರುತು, ಅದರ ಕೆಳಗೆ ಉಬ್ಬಿದ ಕಾಲು, ನೀರು ಸೋರುವ ಹುಣ್ಣು. ಯಾರು ಕಟ್ಟಿದ್ದು ಎಂದು ಕೇಳಿದಳು. ನಾನು ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಏಕೆ ತೋರಿಸಿದೆನೋ, ಕೆಲಸದ ಅಚ್ಚುಕಟ್ಟನ್ನಾದರೂ ಗಮನಿಸಲಿ ಎಂದಿರಬೇಕು. ಅವಳು ಫೋಟೋವನ್ನು ದೊಡ್ಡದು ಮಾಡಿ ನೋಡಿದಳು.

"ಚೆನ್ನಾಗ್ ಕಟ್ಟಿದಾರೆ ಸಾರ್, ತಲೆಗಾಗಿದ್ರೆ," ಎಂದಳು. "ಮೇಲ್ಗಡೆ ಬಿಗಿದು ಕೆಳಗೆ ಸಡ್ಲ ಬಿಟ್ರೆ ರಕ್ತ ಯಾವ ಕಡೆಯಿಂದ ವಾಪಸ್ ಬರಬೇಕು? ಇನ್ನೆರಡು ದಿನ ಹಿಂಗೇ ಬಿಟ್ಟಿದ್ರೆ ಬೆರಳು ಉಳೀತಿರ್ಲಿಲ್ಲ."

ನಾನು ಮೈದುನನ ಹೆಸರೆತ್ತಿ ಹಳ್ಳಿಯ ಜನರ ಮೌಢ್ಯದ ಬಗ್ಗೆ ನಾಲ್ಕು ಮಾತಾಡಲು ಬಾಯಿ ತೆರೆದೆ. ಅಕ್ಕ ಬಿಡಲಿಲ್ಲ.

"ಅವ್ನನ್ಯಾಕೆ ಅಂತೀಯ. ಅವನಿಗೆ ಗೊತ್ತಿರೋದು ಅವನು ಮಾಡ್ದ. ಈ ಹುಡ್ಗಿ ಹೇಳುವಾಗ ನಿನ್ ಕಿವಿ ಎಲ್ಲಿತ್ತೋ? ನಿನ್ ಕಣ್ಣಿಗೆ ಲೋಕದಲ್ಲಿ ಯಾರೂ ಬುದ್ಧಿವಂತ್ರಿಲ್ಲ. ಚೆಂದಾಗ್ ಕಂಡ್ಬುಟ್ರೆ ಮಾತ್ರ ನೀನೂ ಬಿದ್ದೋಯ್ತೀಯ ಕಣೋ."

ಅರವತ್ತು ದಾಟಿದ ಮೇಲೆ ನನ್ನ ಬಗ್ಗೆ ಯಾರೂ ಇಷ್ಟು ನಿಖರವಾಗಿ ಸರ್ವೆ ಮಾಡಿರಲಿಲ್ಲ.

ನರ್ಸು ಹೊಸ ಪಟ್ಟಿಯ ಸುರುಳಿ ತೆಗೆದು ನನ್ನ ಕೈಗೆ ಕೊಟ್ಟು, ನೀವೇ ಕಟ್ಟಿ ಎಂದಳು. ನೆಲದ ಮೇಲೆ ಕೂತೆ. ಬೆರಳಿನ ಬುಡದಿಂದ ಶುರು ಮಾಡಿದೆ. ಹಿಮ್ಮಡಿಯ ಹತ್ತಿರ ಬಂದಾಗ ಪಟ್ಟಿ ಎತ್ತ ತಿರುಗಬೇಕೆಂದು ತಿಳಿಯದೆ ತಡವರಿಸಿದೆ. ಬಿಚ್ಚಿಸಿದಳು. ಎರಡನೇ ಸಲ ಮೇಲೆ ಹೋದಂತೆ ಬಿಗಿ ಹೆಚ್ಚಾಯಿತು. ಬಿಚ್ಚಿಸಿದಳು. ಮೂರನೇ ಸಲ ಮಂಡಿಯ ಕೆಳಗೆ ಎರಡು ಬೆರಳು ತೂರಿಸಿ ನೋಡಿ, ನೋಡಲು ಚೆನ್ನಾಗಿಲ್ಲ, ಆದರೆ ಸರಿಯಾಗಿದೆ ಎಂದಳು. ಸರ್ಕಾರ ನನ್ನನ್ನು ನಿವೃತ್ತಿಗೊಳಿಸುವಾಗಲೂ ಇಷ್ಟು ಗೌರವದ ಮಾತು ಆಡಿರಲಿಲ್ಲ.

ಅಲ್ಲಿಂದ ಮೂರು ದಿನಕ್ಕೊಮ್ಮೆ ಬೆಳಗಿನ ರೈಲಿಗೆ ಗುಬ್ಬಿಗೆ ಹೋಗಿ ಕಟ್ಟಿದೆ. ಅಕ್ಕ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಒಳಕೋಣೆಯಲ್ಲಿ ಮಲಗಿರುತ್ತಿದ್ದಳು. ಹೊರಗೆ ಕಾವಲಿಯ ಮುಂದೆ ಸೊಸೆ. ಪ್ರತಿ ವಾರ ಪಾರದರ್ಶಕ ಹಾಳೆಯನ್ನು ಹುಣ್ಣಿನ ಮೇಲೆ ಹಿಡಿದು ಅದರ ಅಂಚನ್ನು ಪೆನ್ನಿನಲ್ಲಿ ಗೆರೆ ಎಳೆದುಕೊಳ್ಳಲು ನರ್ಸು ಹೇಳಿಕೊಟ್ಟಿದ್ದಳು. ಆ ಕೆಲಸಕ್ಕೆ ಮಾತ್ರ ನನಗೆ ಯಾರ ಪಾಠವೂ ಬೇಕಿರಲಿಲ್ಲ. ಜೀವಮಾನವೆಲ್ಲ ಅಣ್ಣತಮ್ಮಂದಿರು ಬಡಿದಾಡುವ ಜಮೀನಿನ ಎಲ್ಲೆ ಬರೆದವನು. ವಾರವಾರವೂ ಒತ್ತುವರಿ ತೆರವಾಗುತ್ತ ಕುಗ್ಗುವ ಎಲ್ಲೆಯನ್ನು ಬರೆದದ್ದು ಇದೊಂದೇ. ಹಾಳೆಯನ್ನು ಗ್ರಾಫಿನ ಮೇಲಿಟ್ಟು ಚೌಕ ಎಣಿಸುತ್ತಿದ್ದೆ. ಅಕ್ಕ ಮಲಗಿದಲ್ಲಿಂದಲೇ, ಎಷ್ಟು ಉಳಿತು, ಎನ್ನುತ್ತಿದ್ದಳು. ಅವಳಿಗೆ ಯುಗಾದಿಗೆ ಎಷ್ಟು ದಿನ ಉಳಿದಿದೆ ಎಂಬುದು ನನಗಿಂತ ಚೆನ್ನಾಗಿ ಗೊತ್ತಿತ್ತು.

ಮೈದುನ ಮಾತು ಬಿಟ್ಟ. ಅವನ ಕಲೆಗೆ ಕತ್ತರಿ ಬಿದ್ದ ಸುದ್ದಿ ಕುಣಿಗಲ್ಲಿನವರೆಗೆ ಹೋಗಿತ್ತು. ಅಲ್ಲೊಂದು ಗೃಹಪ್ರವೇಶದಲ್ಲಿ ಹಿರಿಯರಿಗೆಲ್ಲ ಪೇಟ ತೊಡಿಸುತ್ತ ಬಂದವನು ನನ್ನ ಮುಂದೆ ಬಂದಾಗ ಮುಂದಿನ ಕುರ್ಚಿಗೆ ಹೋದ. ಸಾಲಿನಲ್ಲಿ ಬರಿದಲೆಯವನು ನಾನೊಬ್ಬನೇ. ಇಷ್ಟು ವರ್ಷದಲ್ಲಿ ನನಗೆ ಸಿಕ್ಕಿದ ನಿಜವಾದ ಸನ್ಮಾನ ಅದೇ ಎಂದುಕೊಂಡು ಹೋಳಿಗೆ ತಿಂದು ಬಂದೆ.

ಯುಗಾದಿಗೆ ಹತ್ತು ದಿನವಿರುವಾಗ ಹುಣ್ಣು ಮುಚ್ಚಿತು. ತೆಳ್ಳನೆಯ ನಸುಗೆಂಪು ಚರ್ಮ, ಮುಟ್ಟಿದರೆ ಹರಿಯುತ್ತದೇನೋ ಎನ್ನುವಂಥದ್ದು. ನರ್ಸು ಬೆಳಗ್ಗೆಯೇ, ಊತ ಬರುವ ಮುಂಚೆ, ಕಾಲಿನ ಅಳತೆ ತೆಗೆದುಕೊಂಡು ಮೊಣಕಾಲಿನ ತನಕ ಬರುವ ಬಿಗಿ ಸ್ಟಾಕಿಂಗ್ ಕೊಡಿಸಿದಳು. ಹಾಸಿಗೆಯಿಂದ ಇಳಿಯುವ ಮುಂಚೆ ಹಾಕಿಕೊಳ್ಳಬೇಕು, ಮಲಗುವಾಗ ತೆಗೆಯಬೇಕು, ಜೀವ ಇರುವ ತನಕ. ಅಕ್ಕ ಅದಕ್ಕೆಲ್ಲ ಒಪ್ಪಿ, ತನಗೆ ಬೇಕಾದ್ದನ್ನು ಕೇಳಿದಳು: "ನಿಂತ್ಕೊಬೋದಾ?"

"ನಡೀಬೋದು ಅಜ್ಜಿ, ಎಷ್ಟು ಬೇಕಾದ್ರೂ. ನಡೆದ್ರೆ ಮೀನಖಂಡನೇ ರಕ್ತ ಮೇಲಕ್ಕೆ ತಳ್ಳುತ್ತೆ. ಒಂದೇ ಕಡೆ ನಿಂತ್ಕೋಬೇಡಿ. ನಿಂತಿದ್ದಕ್ಕೇ ಹಿಂಗಾಗಿದ್ದು."

ರೈಲಿನಲ್ಲಿ ಗುಬ್ಬಿಗೆ ಬಂದೆವು. ಮಗನಿಗೆ ಸುದ್ದಿ ಗೊತ್ತಾಗಿ, ಹಾಗಾದರೆ ಆಗಲ್ಲ ಬಿಡಮ್ಮ ಎಂದು ಪ್ರೀತಿಯಿಂದಲೇ ಹೇಳಿ ಫೋನು ತೆಗೆದು ಬೆಂಕಿಯ ನಾಲಿಗೆಯ ಬೋರ್ಡು ತೋರಿಸಿದ. ಅಕ್ಕ ಬೋರ್ಡು ನೋಡಲಿಲ್ಲ. ಸೊಸೆಯನ್ನು ಕರೆದಳು.

ಯುಗಾದಿಯ ಮಾರನೇ ದಿನ ನಾನು ಹೋದಾಗ ಗಾಜೂ ಇರಲಿಲ್ಲ, ಗೋಬಿಯೂ ಇರಲಿಲ್ಲ. ಕಾವಲಿಯ ಮುಂದೆ ಅಕ್ಕ ಒಂದು ಸುತ್ತಿಗೆ ಆರು ದೋಸೆ ಹೊಯ್ದಳು. ಆರೂ ತೆಗೆದು ತಟ್ಟೆಗೆ ಹಾಕಿಕೊಂಡು ತಾನೇ ಟೇಬಲ್ಲುಗಳ ಕಡೆ ಹೊರಟಳು. ಅಷ್ಟರಲ್ಲಿ ಸೊಸೆ ಬಂದು ಮುಂದಿನ ಸುತ್ತು ಹೊಯ್ದಳು. ಅಕ್ಕ ತಿರುಗಿ ಬಂದರೆ ಸೊಸೆ ಪಕ್ಕಕ್ಕೆ ಸರಿಯುತ್ತಾಳೆ, ಅಕ್ಕ ಹೊರಟರೆ ಮತ್ತೆ ಬರುತ್ತಾಳೆ. ಇಷ್ಟು ವರ್ಷ ಅವಳ ಬೆನ್ನನ್ನಷ್ಟೇ ನೋಡಿದ್ದ ಗಿರಾಕಿಗಳಿಗೆ ಈಗ ಅವಳ ಬಾಯಿಯ ದರ್ಶನವೂ ಆಗತೊಡಗಿತು. ಚಟ್ನಿ ಚೆಲ್ಲಿದವರಿಗೆ, ಪೇಪರು ಹರಡಿಕೊಂಡು ಜಾಗ ಹಿಡಿದವರಿಗೆ, ಎಲ್ಲರಿಗೂ ಅವರವರ ಪಾಲು ಸಿಕ್ಕಿತು. ಗೂಳೂರಿನ ಗುಮಾಸ್ತರು ಅರ್ಧ ದೋಸೆ ಬಿಟ್ಟು ಎದ್ದು ಹೋದರು.

ಐದನೇ ಟೇಬಲ್ಲಿನ ಹತ್ತಿರವಿದ್ದಾಗ ಅಕ್ಕ ಕಾವಲಿಯ ಕಡೆ ತಿರುಗಿ, ಉರಿ ಜಾಸ್ತಿಯಾಯಿತು, ಕಡಮೆ ಮಾಡು ಎಂದಳು.

"ಸರಿಯಾಗಿದೆ ಅತ್ತೆ," ಎಂದಳು ಸೊಸೆ. ತಿರುಗಿ ನೋಡಲಿಲ್ಲ, ಉರಿಯನ್ನೂ ಕಡಮೆ ಮಾಡಲಿಲ್ಲ.

ಅಕ್ಕ ತಟ್ಟೆ ಹಿಡಿದು ಅಲ್ಲೇ ನಿಂತಳು. ನಿಂತದ್ದು ಅವಳಿಗೇ ಗೊತ್ತಾಯಿತೆಂದು ತೋರುತ್ತದೆ; ಆರನೇ ಟೇಬಲ್ಲಿನ ಕಡೆ ನಡೆದಳು.